ಬಿಟ್ಟ ಮೀನು ಬದುಕುತ್ತದೆಯೇ? ಮೀನಿನ ಶರೀರಕ್ರಿಯೆ ಮತ್ತು ಕಡಲ ಸಂರಕ್ಷಣೆ

ಅನುಮಾನಪ್ಪ

ಈ ಎಳೆಯನ್ನು ಒಂದು ತಕರಾರಿನಿಂದಲೇ ಶುರು ಮಾಡ್ತೀನಿ. ಕಡಲ ಸಂರಕ್ಷಣೆ ಬಗ್ಗೆ ಏನು ಓದಲು ಕೂತರೂ ಈಚೆಗೆ ಮೀನಿನ ರಕ್ತದ ಲ್ಯಾಕ್ಟೇಟ್ (ದಣಿವಿನ ಗುರುತು), ಕಾರ್ಟಿಸೋಲ್ (ಒತ್ತಡದ ಹಾರ್ಮೋನು), ಹೃದಯ ಬಡಿತ, ಆಮ್ಲಜನಕ ಬಳಕೆ ಇವುಗಳದ್ದೇ ಮಾತು. 2006ರಲ್ಲಿ ಇದಕ್ಕೆ ಸಂರಕ್ಷಣಾ ಶರೀರಕ್ರಿಯಾಶಾಸ್ತ್ರ ಅಂತ ಹೆಸರಿಟ್ಟರು, 2013ರಿಂದ ಇದಕ್ಕೇ ಅಂತ ಒಂದು ಜರ್ನಲ್ ಕೂಡ ಇದೆ. ಇರಲಿ. ಮೀನು ಕಡಿಮೆಯಾಗಿರೋದು ನಾವು ಮಿತಿಮೀರಿ ಹಿಡಿದಿದ್ದರಿಂದ ಅಂತ ಎಲ್ಲರಿಗೂ ಗೊತ್ತು. ಕಡಿಮೆ ಹಿಡಿದರೆ ಮುಗೀತು. ಅದಕ್ಕೆ ಮೀನಿನ ಬಿ.ಪಿ. ನೋಡಬೇಕಾ?

ಈ ಪರೀಕ್ಷೆಗಳಿಂದ ಮೀನು ಉಳಿದಿದ್ದರೆ ಯಾವ ಮೀನು, ಎಲ್ಲಿ, ಯಾವ ನಿಯಮ ಬದಲಾಗಿ ಉಳೀತು ಹೇಳಿ. "ಅರಿವು ಮೂಡಿತು" ಅನ್ನೋ ಉತ್ತರ ಬೇಡ.

ಕಿವಿರುಗಾರ್ತಿ

ಪ್ರಶ್ನೆ ಖಾರವಾಗಿದೆ, ನ್ಯಾಯವಾಗಿಯೂ ಇದೆ. ಇದೇ ನನ್ನ ಓದಿನ ವಿಷಯ, ಹಾಗಾಗಿ ಪಕ್ಷಪಾತ ಇದ್ದೇ ಇರುತ್ತೆ, ಮೊದಲೇ ಹೇಳಿಬಿಡ್ತೀನಿ.

"ಕಡಿಮೆ ಹಿಡಿದರೆ ಮುಗೀತು" ಅನ್ನುವಲ್ಲೇ ತೊಡಕಿದೆ. ಹಿಡಿಯಬಾರದ ಮೀನಿನ ಬಗ್ಗೆ ನಿಯಮ ಸಾಮಾನ್ಯವಾಗಿ ಏನು ಹೇಳುತ್ತೆ? ಸಿಕ್ಕಿದರೆ ವಾಪಸ್ ನೀರಿಗೆ ಬಿಡಿ ಅಂತ. ಬಿಟ್ಟ ಮೀನನ್ನು ಲೆಕ್ಕದಲ್ಲಿ ಬದುಕಿದ ಮೀನು ಅಂತ ಬರೆದುಕೊಳ್ಳುತ್ತೇವೆ. ಅದು ನಿಜಕ್ಕೂ ಬದುಕಿತಾ ಅನ್ನೋದು ಕಾನೂನಿನ ಕೈಯಲ್ಲಿಲ್ಲ, ಆ ಮೀನಿನ ಸ್ನಾಯು, ಕಿವಿರು, ಹೃದಯದ ಕೈಯಲ್ಲಿದೆ.

ಸುತ್ತಿಗೆ ತಲೆ ಶಾರ್ಕ್ ತಗೊಳ್ಳಿ. ಅಟ್ಲಾಂಟಿಕ್ ಟ್ಯೂನಾ ಮೀನುಗಾರಿಕೆ ನಿಯಂತ್ರಿಸುವ ಅಂತರರಾಷ್ಟ್ರೀಯ ಆಯೋಗ, ಐಕ್ಯಾಟ್, 2010ರಲ್ಲಿ ಇವನ್ನು ಹಡಗಿನಲ್ಲಿ ಇಟ್ಟುಕೊಳ್ಳಬಾರದು ಅಂತ ನಿಯಮ ಮಾಡಿತು (ಕೆಲವು ವಿನಾಯಿತಿ ಇವೆ). ಫ್ಲೋರಿಡಾ 2012ರಲ್ಲಿ ತನ್ನ ನೀರಿನಲ್ಲಿ ಹಿಡಿದು ಇಟ್ಟುಕೊಳ್ಳೋದನ್ನು ನಿಷೇಧಿಸಿತು. ಕಾಗದದ ಮೇಲೆ ಚೆಂದ. ಆದರೆ ಗಾಳಕ್ಕೆ ಬಿದ್ದ ದೊಡ್ಡ ಸುತ್ತಿಗೆ ತಲೆ ಶಾರ್ಕ್ ಪ್ರಾಣಹೋಗುವ ಹಾಗೆ ಹೋರಾಡುತ್ತೆ. ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತೆ, ರಕ್ತ ಆಮ್ಲೀಯವಾಗುತ್ತೆ. ಮೇಲಾಗಿ ಇದು ಮುಂದಕ್ಕೆ ಈಜುತ್ತಾ ಇದ್ದರೆ ಮಾತ್ರ ಕಿವಿರಿಗೆ ನೀರು ಹರಿಯುವ ಜಾತಿ. ಗಾಳದಲ್ಲಿ ನಿಂತರೆ ಉಸಿರೂ ನಿಂತಂತೆ. ಅದೇ ನೀರು, ಅದೇ ಗಾಳ, ಟೈಗರ್ ಶಾರ್ಕ್ ಆದರೆ ಹೆಚ್ಚು ಏರುಪೇರಿಲ್ಲದೆ ಹೊರಟುಹೋಗುತ್ತೆ. ಎರಡಕ್ಕೂ ಒಂದೇ "ಬಿಟ್ಟುಬಿಡಿ" ನಿಯಮ ಹಾಕಿದರೆ ಒಂದಕ್ಕೆ ರಕ್ಷಣೆ, ಇನ್ನೊಂದಕ್ಕೆ ತಡವಾದ ಮರಣದಂಡನೆ.

ತಾಂಡೇಲ

ಮೇಡಂ ಹೇಳಿದ್ದು ಡೆಕ್ ಮೇಲೆ ನಿಂತವರಿಗೆ ಗೊತ್ತಿರೋ ವಿಷಯವೇ. ಲಾಂಗ್‌ಲೈನ್ (ಸಾಲಾಗಿ ಗಾಳ ಕಟ್ಟಿದ ಉದ್ದ ಹಗ್ಗ) ಎಳೆಯುವಾಗ ಸುತ್ತಿಗೆ ತಲೆ ಬಹುಪಾಲು ಸತ್ತೇ ಬರುತ್ತೆ. ಬದುಕಿದ್ದರೂ ಬಿಟ್ಟ ಮೇಲೆ ಹೊಟ್ಟೆ ಮೇಲಾಗಿ ಮುಳುಗೋದನ್ನ ಕಣ್ಣಾರೆ ಕಂಡಿದ್ದೇನೆ. ಕಾಗದದಲ್ಲಿ "ಜೀವಂತ ಬಿಡುಗಡೆ" ಅಂತ ಬರೀತಿದ್ದೆವು. ಬರೆದದ್ದು ಸುಳ್ಳೇನಲ್ಲ, ಬಿಟ್ಟಾಗ ಜೀವ ಇತ್ತು.

ನನ್ನ ಪ್ರಶ್ನೆ ಬೇರೆ. ಲ್ಯಾಕ್ಟೇಟ್ ಎಷ್ಟು ಅಂತ ತಿಳಿದು ನಾನೇನು ಮಾಡಲಿ? ಮಾಡುವ ಕೆಲಸ ಏನಾದರೂ ಹೇಳಿದರೆ ಮಾಡಬಹುದು.

ಕಿವಿರುಗಾರ್ತಿ

ತಾಂಡೇಲರೇ, ಈ ಶಾರ್ಕಿಗೆ ಉತ್ತರ ಹೊತ್ತಿನಲ್ಲಿದೆ. ಗಾಳಕ್ಕೆ ಸಣ್ಣ ಟೈಮರ್ ಕಟ್ಟಿ ಮೀನು ಕಚ್ಚಿದ ಗಳಿಗೆಯಿಂದ ಲೆಕ್ಕ ಹಾಕಿದ ಕೆಲಸ ಇದೆ. ಗಾಳಕ್ಕೆ ಬಿದ್ದ ಸುತ್ತಿಗೆ ತಲೆಗಳಲ್ಲಿ ಅರ್ಧದಷ್ಟು ಸಾಯೋದಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ ಸಾಕು. ಲೈನು ರಾತ್ರಿಯಿಡೀ ನೀರಲ್ಲಿದ್ದರೆ ಬೆಳಿಗ್ಗೆ ಎಷ್ಟೇ ನಾಜೂಕಾಗಿ ಗಾಳ ಬಿಡಿಸಿದರೂ ಬಂದದ್ದು ಹೆಣ. ಹಾಗಾಗಿ ಈ ಜಾತಿಗೆ "ಹಿಡಿದರೆ ಬಿಡಿ" ಅನ್ನೋದಕ್ಕಿಂತ "ಲೈನು ಬೇಗ ಎಳೆಯಿರಿ" ಅಥವಾ "ಅವು ಸೇರುವ ಕಾಲದಲ್ಲಿ ಆ ಜಾಗಕ್ಕೆ ಹೋಗಬೇಡಿ" ಅನ್ನೋದು ಕೆಲಸಕ್ಕೆ ಬರುವ ನಿಯಮ. ಇದನ್ನು ಹೇಳಿಕೊಟ್ಟಿದ್ದು ಆ ಟೈಮರ್, ಕಾರಣ ತಿಳಿಸಿದ್ದು ರಕ್ತ ಪರೀಕ್ಷೆ.

ಅನುಮಾನಪ್ಪ

ಇದು ಸಮಸ್ಯೆ ವಿವರಿಸಿದ್ದಾಯ್ತು. ಉಳಿದ ಮೀನು ಎಲ್ಲಿ?

ಲೆಕ್ಕದವ

ಅಪ್ಪಾ, ಸ್ವಲ್ಪ ತಾಳ್ಮೆ. ನಾನು ಮೀನಿನ ದಾಸ್ತಾನಿನ, ಅಂದರೆ ಕಡಲಲ್ಲಿ ಎಷ್ಟು ಮೀನಿದೆ ಅನ್ನೋದರ, ಅಂದಾಜು ಮಾಡುವವನು, ಶರೀರಕ್ರಿಯೆಯವರ ಬಗ್ಗೆ ನನಗೂ ದೂರುಗಳಿವೆ, ಆಮೇಲೆ ಹೇಳ್ತೀನಿ. ಆದರೆ ನೀವು ಕೇಳಿದ ಥರದ ಉದಾಹರಣೆ ಇದೆ: ಅಮೆರಿಕದ ಪಶ್ಚಿಮ ಕರಾವಳಿಯ ರಾಕ್‌ಫಿಶ್.

ಇದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬಾಯಿಯ ಕಡೆಗೆ ದಾರಿಯಿಲ್ಲ. ಅನಿಲ ರಕ್ತದ ಮೂಲಕವೇ ನಿಧಾನವಾಗಿ ಒಳಗೆ ಹೋಗಬೇಕು, ಹೊರಗೆ ಬರಬೇಕು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚು. 40 ಮೀಟರ್ ಆಳದಿಂದ ಎಳೆದರೆ ಒತ್ತಡ ಐದರಿಂದ ಒಂದಕ್ಕೆ ಇಳಿಯುತ್ತೆ, ಚೀಲದ ಅನಿಲ ಐದು ಪಟ್ಟು ಹಿಗ್ಗುತ್ತೆ. ಕಣ್ಣು ಹೊರಗೆ ಬರುತ್ತೆ, ಜಠರ ಬಾಯಿಂದ ಆಚೆ ಬರುತ್ತೆ. ನೀರಿಗೆ ಬಿಟ್ಟರೆ ಬೆಂಡಿನ ಹಾಗೆ ತೇಲುತ್ತೆ, ಹಕ್ಕಿಗೆ ಆಹಾರ. ನೋಡಿದವರೆಲ್ಲ "ಇದು ಸತ್ತಿತು" ಅಂತಲೇ ಅಂದುಕೊಂಡಿದ್ದರು, ನಮ್ಮ ಲೆಕ್ಕದಲ್ಲೂ ಸತ್ತದ್ದೇ.

ಆಮೇಲೆ ಭಾರ ಕಟ್ಟಿದ ಕೊಕ್ಕೆಗೋ ಪಂಜರಕ್ಕೋ ಸೇರಿಸಿ ಮತ್ತೆ ಆಳಕ್ಕೆ ಇಳಿಸಿ ಬಿಟ್ಟು ನೋಡಿದರು. ಒತ್ತಡ ವಾಪಸ್ ಬಂದ ಕೂಡಲೇ ಅನಿಲ ಕುಗ್ಗಿತು, ಕಣ್ಣು ಒಳಗೆ ಹೋಯಿತು. ಅಲಾಸ್ಕಾದಲ್ಲಿ ಹಳದಿ ಕಣ್ಣಿನ ರಾಕ್‌ಫಿಶ್ ಮೇಲೆ ಮಾಡಿದ ಪರೀಕ್ಷೆಯಲ್ಲಿ, ಮೇಲ್ಮೈಯಲ್ಲಿ ಬಿಟ್ಟವುಗಳಲ್ಲಿ ತಾವಾಗಿ ಕೆಳಗೆ ಹೋದವು ಹತ್ತಿರ ಹತ್ತಿರ ಐದರಲ್ಲೊಂದು. ಆಳಕ್ಕೆ ಇಳಿಸಿ ಬಿಟ್ಟವು ಬಹುತೇಕ ಎಲ್ಲವೂ ಬದುಕಿದವು. ನೂರು ವರ್ಷ ದಾಟಿ ಬಾಳಬಲ್ಲ ಮೀನು ಅದು, ಒಂದು ಉಳಿದರೂ ದೊಡ್ಡದು.

ನಿಯಮ ಕೇಳಿದಿರಲ್ಲ: ಅಮೆರಿಕದ ಒರೆಗಾನ್ ರಾಜ್ಯ 2017ರಿಂದ ತಳದ ಮೀನು ಹಿಡಿಯುವ ದೋಣಿಯಲ್ಲಿ ಇಳಿಸುವ ಸಾಧನ ಕಡ್ಡಾಯ ಮಾಡಿತು. ಮೆಕ್ಸಿಕೊ ಕೊಲ್ಲಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಹಿಡಿತದ ನೀರಿನಲ್ಲಿ ಕಡಲ ದಿಬ್ಬಗಳ (ರೀಫ್) ಮೀನು ಹಿಡಿಯುವವರು ಇಳಿಸುವ ಸಾಧನವನ್ನೋ ಗಾಳಿ ತೆಗೆಯುವ ಸೂಜಿಯನ್ನೋ ಸಿದ್ಧವಾಗಿ ಇಟ್ಟುಕೊಳ್ಳಬೇಕು ಅಂತ ಕಾನೂನು 2022ರ ಜನವರಿಯಲ್ಲಿ ಜಾರಿಗೆ ಬಂತು. ನನ್ನ ಮಟ್ಟಿಗೆ ದೊಡ್ಡ ವಿಷಯ ಇನ್ನೊಂದು. ಪಶ್ಚಿಮ ಕರಾವಳಿಯಲ್ಲಿ ಸಾಧನ ಬಳಸಿ ಬಿಟ್ಟ ಮೀನಿಗೆ ಸಾವಿನ ಪ್ರಮಾಣವನ್ನು ಕಡಿಮೆ ಹಿಡಿಯಲು ಒಪ್ಪಿಕೊಂಡರು. ಶರೀರಕ್ರಿಯೆಯ ಅಂಕಿ ನೇರವಾಗಿ ದಾಸ್ತಾನಿನ ಸಮೀಕರಣದೊಳಕ್ಕೆ ಬಂತು.

ತಾಂಡೇಲ

ಇದು ಗೊತ್ತಿರಲಿಲ್ಲ. ಬಾಯಿಂದ ಆಚೆ ಬಂದ ಚೀಲವನ್ನು ಚಾಕುವಿನಿಂದ ಚುಚ್ಚಿ ಬಿಡೋರನ್ನ ನೋಡಿದ್ದೇನೆ, ಗಾಳಿ ಹೋದರೆ ಮುಳುಗುತ್ತೆ ಅಂತ.

ಕಿವಿರುಗಾರ್ತಿ

ಬಾಯಿಂದ ಆಚೆ ಬಂದಿರೋದು ಜಠರ, ಗಾಳಿಚೀಲ ಅದರ ಹಿಂದೆ ಇರುತ್ತೆ. ಜಠರ ಚುಚ್ಚಿದರೆ ಗಾಯ, ಸೋಂಕು. ಸೂಜಿ ಹಾಕಲೇಬೇಕಾದರೆ ಎದೆ ರೆಕ್ಕೆಯ ಹಿಂಬದಿಯಲ್ಲಿ ಪಕ್ಕದಿಂದ ಹಾಕಬೇಕು, ಅದಕ್ಕೂ ತರಬೇತಿ ಬೇಕು. ಇಳಿಸುವ ಸಾಧನಕ್ಕೆ ಅಷ್ಟು ಕೈಚಳಕ ಬೇಡ.

ಬಯಾಲಜಿ ಟೀಚರ್

ಒಂದು ಪ್ರಶ್ನೆ. ಡೆಕ್ ಮೇಲೆ ಬಂದ ಮೀನು ಬದುಕುತ್ತೋ ಇಲ್ಲವೋ ಅಂತ ಪ್ರಯೋಗಶಾಲೆ ಇಲ್ಲದೆ ಹೇಳೋಕೆ ಆಗುತ್ತಾ? ಮಕ್ಕಳು ಕೇಳಿದರು, "ಟೀಚರ್, ಮೀನಿಗೆ ನಾಡಿ ಹೇಗೆ ಹಿಡೀತಾರೆ?"

ಕಿವಿರುಗಾರ್ತಿ

ಮಕ್ಕಳಿಗೆ ಒಳ್ಳೇ ಪ್ರಶ್ನೆ ಬಂದಿದೆ ಮೇಡಂ. ನಾಡಿಯ ಬದಲು ಪ್ರತಿವರ್ತನೆ ನೋಡ್ತಾರೆ. ಬಾಲ ಹಿಡಿದರೆ ಬಿಡಿಸಿಕೊಂಡು ಓಡಲು ನೋಡುತ್ತಾ? ದೇಹದ ನಡುವೆ ಹಿಡಿದೆತ್ತಿದರೆ ಮುರಿದುಕೊಳ್ಳುವ ಹಾಗೆ ಬಾಗುತ್ತಾ? ಬಾಯಿ, ಕಿವಿರಿನ ಮುಚ್ಚಳ ಕ್ರಮವಾಗಿ ಆಡುತ್ತಾ? ದೇಹವನ್ನು ಓರೆ ಮಾಡಿದರೆ ಕಣ್ಣು ಸಮತಲಕ್ಕೆ ತಿರುಗುತ್ತಾ? ಬೆನ್ನಡಿಯಾಗಿ ನೀರಿಗೆ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ನೆಟ್ಟಗಾಗುತ್ತಾ? ಈ ಐದರಲ್ಲಿ ಒಂದೂ ಇಲ್ಲವಾದರೆ ಸಾಮಾನ್ಯವಾಗಿ ಆ ಮೀನು ಉಳಿಯೋದಿಲ್ಲ. ಒಂದೆರಡು ಇಲ್ಲವಾದರೆ ಅವಕಾಶ ಇದೆ. ಕೆನಡಾದ ಕೋಹೋ ಸಾಲ್ಮನ್‌ಗಳಿಗೆ ರೇಡಿಯೋ ಟ್ಯಾಗ್ ಹಾಕಿ ಹಿಂಬಾಲಿಸಿದಾಗ, ಈ ಅಂಕ ಕೆಟ್ಟಿದ್ದ ಮೀನುಗಳೇ ಹೆಚ್ಚಾಗಿ ಮೊಟ್ಟೆ ಇಡುವ ಜಾಗ ತಲುಪಲಿಲ್ಲ.

ಅರ್ಧ ನಿಮಿಷದ ಕೆಲಸ, ಉಪಕರಣ ಬೇಡ. ರಕ್ತ ಪರೀಕ್ಷೆಯ ಬದಲಿಗೆ ಸಿಕ್ಕಿದ ಮನೆಮದ್ದು ಅನ್ನಬಹುದು.

ತಾಂಡೇಲ

ಅರ್ಧ ನಿಮಿಷ ಅಂತ ಕೂತು ಬರೆದವರು ಹೇಳ್ತಾರೆ. ಬಲೆ ತುಂಬಿ ಬಂದಾಗ ಒಂದೊಂದು ಮೀನಿಗೂ ಅರ್ಧ ನಿಮಿಷ ಯಾರು ಕೊಡ್ತಾರೆ ಮೇಡಂ? ಒಂದೇ ನೋಟಕ್ಕೆ ತಿಳಿಯೋದು ಬೇಕು.

ಕಿವಿರುಗಾರ್ತಿ

ಹಾಗಾದರೆ ಒಂದನ್ನೇ ಇಟ್ಟುಕೊಳ್ಳಿ: ನೀರಿಗೆ ಬಿಟ್ಟಾಗ ನೆಟ್ಟಗಾಗುತ್ತೋ ಇಲ್ಲವೋ. ಅನೇಕ ಜಾತಿಗಳಲ್ಲಿ ಅದೊಂದೇ ಸಾಕಷ್ಟು ಹೇಳುತ್ತೆ. ನೆಟ್ಟಗಾಗದಿದ್ದರೆ ಏನು ಮಾಡಬೇಕು ಅನ್ನೋದಕ್ಕೂ ಒಂದು ಕಥೆ ಇದೆ.

1998ರ ಹೊತ್ತಿಗೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೋಹೋ ಸಾಲ್ಮನ್ ತೀರಾ ಕುಸಿದಿತ್ತು. ಬೇರೆ ಸಾಲ್ಮನ್‌ಗೆ ಹಾಕಿದ ಗಿಲ್‌ನೆಟ್‌ನಲ್ಲಿ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಕೋಹೋ ಸಿಕ್ಕಿಬಿದ್ದು ಸಾಯೋದನ್ನು ತಪ್ಪಿಸದಿದ್ದರೆ ಮೀನುಗಾರಿಕೆಯೇ ನಿಲ್ಲಬೇಕಿತ್ತು. ಟೋನಿ ಫ್ಯಾರೆಲ್ ಎಂಬ ಮೀನಿನ ಹೃದಯದ ತಜ್ಞ ಮತ್ತು ಜೊತೆಯವರು ಮೀನುಗಾರರ ಜತೆ ಸೇರಿ ಒಂದು ಪೆಟ್ಟಿಗೆ ರೂಪಿಸಿದರು. ಮೊದಲೇ ಬಳಕೆಯಲ್ಲಿದ್ದ ತೊಟ್ಟಿಯಲ್ಲಿ ನೀರು ಸುಮ್ಮನೆ ಸುತ್ತುತ್ತಿತ್ತು. ಇದರಲ್ಲಿ ಇಕ್ಕಟ್ಟಾದ ಗೂಡು, ಮೀನಿನ ಮೂತಿಗೆ ನೇರವಾಗಿ ನೀರಿನ ಧಾರೆ. ದಣಿದ ಮೀನಿಗೆ ಕಿವಿರು ಆಡಿಸಲೂ ಶಕ್ತಿ ಇರಲ್ಲ, ಆ ಕೆಲಸವನ್ನು ಧಾರೆ ಮಾಡುತ್ತೆ. ಸತ್ತೇ ಹೋಯಿತು ಅಂತ ಕೈಬಿಟ್ಟಿದ್ದ ಮೀನುಗಳಲ್ಲಿ ಅನೇಕವು ಒಂದೆರಡು ಗಂಟೆಯಲ್ಲಿ ಈಜಿಕೊಂಡು ಹೋದವು. ಆಮೇಲೆ ಈ ಪೆಟ್ಟಿಗೆ ಪರವಾನಗಿಯ ಷರತ್ತೇ ಆಯಿತು.

ಲೆಕ್ಕದವ

ಆ ಕಥೆಯ ಎರಡನೇ ಭಾಗವನ್ನೂ ಹೇಳಿ. ಹೆಚ್ಚು ದಣಿಯದ ಮೀನನ್ನು ಅದೇ ಪೆಟ್ಟಿಗೆಗೆ ಹಾಕಿದ ಪರೀಕ್ಷೆಗಳಲ್ಲಿ ಲಾಭ ಕಾಣಲಿಲ್ಲ. ಕೂಡಿಹಾಕುವುದೇ ಅವಕ್ಕೆ ಒತ್ತಡ. ಪೆಟ್ಟಿಗೆ ಯಾರಿಗೆ ಬೇಕು ಅಂತ ಆರಿಸಬೇಕು, ಆರಿಸೋಕೆ ಮತ್ತೆ ಆ ಪ್ರತಿವರ್ತನೆಯ ಪರೀಕ್ಷೆ ಬೇಕು.

ಕಿವಿರುಗಾರ್ತಿ

ಸರಿಯಾಗಿ ಹೇಳಿದಿರಿ. ಚೆನ್ನಾಗಿ ಒದ್ದಾಡುವ ಮೀನಿಗೆ ಅತ್ಯುತ್ತಮ ಚಿಕಿತ್ಸೆ ಅಂದರೆ ತಕ್ಷಣ ಬಿಡೋದು.

ಅನುಮಾನಪ್ಪ

ರಾಕ್‌ಫಿಶ್ ಒಪ್ಪಿದೆ. ಕೋಹೋ ಮುಕ್ಕಾಲು ಒಪ್ಪಿದೆ. ಆದರೆ ಇವೆಲ್ಲ ಒಂದೊಂದೇ ಮೀನನ್ನು ಬದುಕಿಸುವ ತಂತ್ರ, ಆಸ್ಪತ್ರೆಯ ಕೆಲಸ. ಕಡಲು ಬಿಸಿಯಾಗುತ್ತಿದೆ, ಆಮ್ಲಜನಕ ಕಡಿಮೆಯಾಗುತ್ತಿದೆ. ಅಷ್ಟು ದೊಡ್ಡದಕ್ಕೆ ನಿಮ್ಮ ಹೃದಯ ಬಡಿತ ಏನು ಮಾಡುತ್ತೆ?

ಉಪ್ಪುನೀರು

ಮೊದಲ ಸಲ ಬರೀತಿದ್ದೇನೆ, ಈ ಪ್ರಶ್ನೆಗೆ ಸುಮ್ಮನಿರಲಾಗಲಿಲ್ಲ. ಬಾಲ್ಟಿಕ್ ಸಮುದ್ರದ ಪೂರ್ವ ಭಾಗದ ಕಾಡ್ ಮೀನಿನ ಕಥೆ ನೋಡಿ, ನನಗೆ ಇಡೀ ವಿಷಯದಲ್ಲೇ ಅತಿ ಇಷ್ಟವಾದ್ದು ಇದು.

ಬಾಲ್ಟಿಕ್ ಅಂದರೆ ಮೇಲೆ ಬಹುತೇಕ ಸಿಹಿ, ಕೆಳಗೆ ಉಪ್ಪು. ಕಾಡ್ ಮೊಟ್ಟೆ ಫಲವಾಗಬೇಕಾದರೆ ವೀರ್ಯಾಣು ಚುರುಕಾಗಬೇಕು, ಅದಕ್ಕೆ ಸಾವಿರಕ್ಕೆ ಕನಿಷ್ಠ 11 ಭಾಗದಷ್ಟು ಉಪ್ಪು ಬೇಕು. ಮೊಟ್ಟೆ ಮುಳುಗದೆ ತೇಲಿ ನಿಲ್ಲೋದು ಸುಮಾರು 14ರ ಉಪ್ಪಿನಲ್ಲಿ, ಅಂದರೆ ಆಳದಲ್ಲಿ. ಆದರೆ ಆಳದ ನೀರು ನಿಂತ ನೀರು, ಅಲ್ಲಿ ಆಮ್ಲಜನಕ ಇರಲ್ಲ. ಲೀಟರಿಗೆ 2 ಮಿಲಿಲೀಟರ್‌ಗಿಂತ ಕಡಿಮೆಯಾದರೆ ಮೊಟ್ಟೆ ಸಾಯುತ್ತೆ. ಮೇಲಕ್ಕೆ ಹೋದರೆ ಉಪ್ಪಿಲ್ಲ, ಕೆಳಕ್ಕೆ ಹೋದರೆ ಉಸಿರಿಲ್ಲ. ನಡುವೆ ಉಳಿಯುವ ತೆಳು ಪದರವೇ ಹೆರಿಗೆ ಕೋಣೆ. ವಿಜ್ಞಾನಿಗಳು ಅದರ ಗಾತ್ರವನ್ನು ಘನ ಕಿಲೋಮೀಟರಿನಲ್ಲಿ ಲೆಕ್ಕ ಹಾಕ್ತಾರೆ. ಉತ್ತರ ಸಮುದ್ರದಿಂದ ದೊಡ್ಡ ಬಿರುಗಾಳಿಗೆ ಉಪ್ಪುನೀರು ನುಗ್ಗಿ ಬಂದಾಗ, 1993, 2003, 2014ರಲ್ಲಿ ಬಂದ ಹಾಗೆ, ಆ ಕೋಣೆ ಸ್ವಲ್ಪ ಕಾಲ ದೊಡ್ಡದಾಗುತ್ತೆ. ಆಮೇಲೆ ಮತ್ತೆ ಕುಗ್ಗುತ್ತೆ.

ತಾಯಿ ಮೀನು ಎಷ್ಟಿದ್ದರೇನು, ಮೊಟ್ಟೆಗೆ ಜಾಗವೇ ಇಲ್ಲದಿದ್ದರೆ? ಬರೀ ಎಣಿಕೆ ಮಾಡುವವರಿಗೆ ಇದು ಕಾಣಲ್ಲ. 2019ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟ ಅಲ್ಲಿ ಕಾಡ್ ಹಿಡಿಯುವುದಕ್ಕೆ ತುರ್ತು ನಿಷೇಧ ತಂತು.

ಲೆಕ್ಕದವ

ಬರೀ ಎಣಿಕೆ ಮಾಡುವವನು ಉತ್ತರಿಸುತ್ತಿದ್ದಾನೆ :) ಉಪ್ಪುನೀರು ಅವರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಕೊನೆಯ ವಾಕ್ಯ ಓದಿದರೆ ಹೆರಿಗೆ ಕೋಣೆಯ ಲೆಕ್ಕದಿಂದಲೇ ನಿಷೇಧ ಬಂತು ಅಂತ ಅನ್ನಿಸುತ್ತೆ. ನಿಷೇಧ ಬಂದದ್ದು ದಾಸ್ತಾನು ಕುಸಿದಿದೆ ಅಂತ ಸಮೀಕ್ಷೆಯ ಅಂಕಿ ತೋರಿಸಿದ ಮೇಲೆ. ಅಷ್ಟೊತ್ತಿಗೆ ಆ ಕಾಡ್‌ಗಳು ಬಡಕಲಾಗಿದ್ದವು, ಬೆಳೆಯುವುದನ್ನೇ ಕಡಿಮೆ ಮಾಡಿದ್ದವು. ಅಲ್ಲೂ ಆಮ್ಲಜನಕದ ಕೊರತೆಯ ಕೈ ಇದೆ, ಪರೋಪಜೀವಿಗಳ ಕೈಯೂ ಇದೆ. ಶರೀರಕ್ರಿಯೆ ಅಲ್ಲಿ ಕಾರಣ ತಿಳಿಸಿತು. ನಿರ್ಧಾರ ಮಾಡಿಸಿತು ಅಂತ ನಾನು ಹೇಳಲಾರೆ.

ನನ್ನ ದೂರು ಇದೇ. ಶರೀರಕ್ರಿಯೆಯವರು ಒಂದು ತೊಟ್ಟಿಯಲ್ಲಿ ಹತ್ತು ಮೀನು ಇಟ್ಟು, ಒಂದು ವಾರ ಬಿಸಿ ಮಾಡಿ, "ಈ ಜಾತಿ 2100ಕ್ಕೆ ಹೀಗಾಗುತ್ತೆ" ಅಂತಾರೆ. ನಮಗೆ ಬೇಕಾದ್ದು ಇಡೀ ಸಮೂಹದಲ್ಲಿ ಎಷ್ಟು ಸಾವು, ಎಷ್ಟು ಮರಿ. ನಡುವಿನ ಸೇತುವೆ ಕಟ್ಟುವ ಕೆಲಸ ಯಾರಿಗೂ ಇಷ್ಟವಿಲ್ಲ, ಅದಕ್ಕೆ ಹೆಸರು ಬರಲ್ಲ.

ಕಿವಿರುಗಾರ್ತಿ

ಸೇತುವೆ ಕಟ್ಟಿದ ಕಡೆಯೂ ಇದೆ ಲೆಕ್ಕದವರೇ. ಕೆನಡಾದ ಫ್ರೇಸರ್ ನದಿಯ ಸಾಕ್‌ಐ ಸಾಲ್ಮನ್, ಸಮುದ್ರದಲ್ಲಿ ಬೆಳೆದು ಮೊಟ್ಟೆ ಇಡಲು ನದಿಗೆ ಏರುವ ಮೀನು.

1995ರಿಂದ ತಡವಾಗಿ ಬರುವ ಗುಂಪುಗಳು ನದೀಮುಖದಲ್ಲಿ ಕಾಯುವುದನ್ನು ಬಿಟ್ಟು ವಾರಗಟ್ಟಲೆ ಮೊದಲೇ ನದಿಗೆ ನುಗ್ಗತೊಡಗಿದವು. ಬೆಚ್ಚಗಿನ ನೀರಿಗೆ ಸಿಕ್ಕಿ, ಕೆಲವು ವರ್ಷ ಶೇ 90ಕ್ಕೂ ಹೆಚ್ಚು ಮೊಟ್ಟೆ ಇಡದೆಯೇ ಸತ್ತವು. ನದಿಯ ಕೆಳಭಾಗದಲ್ಲಿ ಎಣಿಸಿದ ಮೀನಿಗೂ ಮೊಟ್ಟೆ ಇಡುವ ಜಾಗದಲ್ಲಿ ಎಣಿಸಿದ ಮೀನಿಗೂ ತಾಳೆಯೇ ಇಲ್ಲ. ಈಜು ಸುರಂಗದಲ್ಲಿ ಮೀನನ್ನು ಈಜಿಸಿ, ವಿಶ್ರಾಂತಿಯಲ್ಲಿ ಬಳಸುವ ಆಮ್ಲಜನಕವನ್ನೂ ಗರಿಷ್ಠ ದುಡಿಮೆಯಲ್ಲಿ ಬಳಸುವುದನ್ನೂ ಅಳೆದರು. ಎರಡರ ನಡುವಿನ ಅಂತರವೇ ಮೀನಿಗೆ ಉಳಿದ ಕಸುವು. ನೀರು 18 ಡಿಗ್ರಿ ದಾಟುತ್ತಾ ಹೋದಂತೆ ಅನೇಕ ಗುಂಪುಗಳಲ್ಲಿ ಈ ಕಸುವು ಕರಗುತ್ತೆ, ಹೃದಯ ಲಯ ತಪ್ಪುತ್ತೆ.

ಇನ್ನೂ ಸ್ವಾರಸ್ಯ: 2011ರಲ್ಲಿ ಪ್ರಕಟವಾದ ಕೆಲಸದಲ್ಲಿ ಒಂದೇ ನದಿಯ ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಹೃದಯ. ಆರುನೂರು ಕಿಲೋಮೀಟರಿಗೂ ಹೆಚ್ಚು ಈಜಿ, ಸಾವಿರ ಮೀಟರಿಗೂ ಎತ್ತರದ ಚಿಲ್ಕೋ ಸರೋವರಕ್ಕೆ ಏರುವ ಗುಂಪಿನ ಹೃದಯ ದೊಡ್ಡದು, ಅದಕ್ಕೆ ರಕ್ತ ಪೂರೈಕೆ ಉತ್ತಮ, ತಾಪ ತಾಳುವ ಶಕ್ತಿ ಹೆಚ್ಚು. ಹತ್ತಿರದಲ್ಲೇ ಮೊಟ್ಟೆ ಇಡುವ ಗುಂಪು ಬೇಗ ಸೋಲುತ್ತೆ. ಸಾಕ್‌ಐ ಅಂತ ಒಂದೇ ಹೆಸರಿನಲ್ಲಿ ನಿಯಮ ಮಾಡಿದರೆ ಯಾರಿಗೂ ಸರಿಹೊಂದಲ್ಲ.

ಈಗ ಅಲ್ಲಿ ಹಂಗಾಮಿನ ನಡುವೆಯೇ ನದಿಯ ತಾಪ, ಹರಿವು ನೋಡಿ, ದಾರಿಯಲ್ಲಿ ಎಷ್ಟು ಸಾಯಬಹುದು ಅಂತ ಅಂದಾಜಿಸಿ, ಅಷ್ಟು ಮೀನನ್ನು ಹೆಚ್ಚುವರಿಯಾಗಿ ಹಿಡಿಯದೆ ಬಿಡ್ತಾರೆ. ನದಿ ಬಿಸಿಯಾದರೆ ಕೋಟಾ ಇಳಿಯುತ್ತೆ.

ಲೆಕ್ಕದವ

ಇದನ್ನು ಒಪ್ಪುತ್ತೇನೆ. ಆದರೂ ಆ ಲೆಕ್ಕ ನಿಂತಿರೋದು ಹಳೆಯ ವರ್ಷಗಳ ತಾಪಕ್ಕೂ ಕಾಣೆಯಾದ ಮೀನಿನ ಸಂಖ್ಯೆಗೂ ಇರುವ ಸಂಬಂಧದ ಮೇಲೆ. ಈಜು ಸುರಂಗ ಆ ಸಂಬಂಧವನ್ನು ನಂಬಬಹುದು ಅಂತ ಧೈರ್ಯ ಕೊಟ್ಟಿತು. ಅದೂ ಸಣ್ಣದೇನಲ್ಲ. ಮೀನುಗಾರರ ಎದುರು ಕೂತು "ಈ ವರ್ಷ ಬೇಡ" ಅನ್ನುವಾಗ ಕಾರಣ ಕೈಯಲ್ಲಿರಬೇಕು.

ಅನುಮಾನಪ್ಪ

ಕಡಲಿನ ಆಮ್ಲೀಯತೆ ಮೀನಿನ ತಲೆ ಕೆಡಿಸುತ್ತೆ, ಮರಿ ಮೀನು ಬೇಟೆಗಾರನ ವಾಸನೆಯ ಕಡೆಗೇ ಈಜುತ್ತೆ ಅಂತ ಓದಿದ್ದೆ. ಆಮೇಲೆ ಅದು ಸುಳ್ಳು ಅಂತಲೂ ಓದಿದೆ. ಇದರ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ ಯಾಕೆ?

ಕಿವಿರುಗಾರ್ತಿ

ಬಿಡ್ತೀನಿ. 2009ರ ಸುಮಾರಿನಿಂದ ಹವಳದ ದಿಬ್ಬದ ಮರಿ ಮೀನುಗಳ ಮೇಲೆ ಬಂದ ವರದಿಗಳಲ್ಲಿ ಪರಿಣಾಮ ದಿಗಿಲು ಹುಟ್ಟಿಸುವಷ್ಟು ದೊಡ್ಡದಿತ್ತು. 2020ರ ಜನವರಿಯಲ್ಲಿ ಇನ್ನೊಂದು ತಂಡ ಮೂರು ವರ್ಷದ ಕೆಲಸ ಪ್ರಕಟಿಸಿತು. ಆರು ಪ್ರಭೇದ, 900ಕ್ಕೂ ಹೆಚ್ಚು ಮೀನು, ಎಲ್ಲಕ್ಕೂ ವಿಡಿಯೋ ದಾಖಲೆ. ಆ ದೊಡ್ಡ ಪರಿಣಾಮ ಕಾಣಲಿಲ್ಲ. ವಾದ ಇನ್ನೂ ತಣ್ಣಗಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಎರಡನೆಯ ತಂಡದ ಕಡೆ ವಾಲುತ್ತೇನೆ. ಆಮ್ಲೀಯತೆ ಚಿಪ್ಪು ಜೀವಿಗಳಿಗೂ ಹವಳಕ್ಕೂ ನಿಜವಾದ ಸಂಕಟ. ವಯಸ್ಕ ಮೀನಿನ ಕಿವಿರು ಮಾತ್ರ ಆಮ್ಲ–ಕ್ಷಾರ ಸರಿದೂಗಿಸುವುದರಲ್ಲಿ ಬಹಳ ಗಟ್ಟಿ.

ಇದೇ ಥರ ಇನ್ನೊಂದು ಜಗಳ ಇದೆ. ಬಿಸಿ ನೀರಿನಲ್ಲಿ ಮೀನು ಗಿಡ್ಡವಾಗುತ್ತೆ, 2000ದಿಂದ 2050ರೊಳಗೆ ಸಮುದಾಯದ ಸರಾಸರಿ ಗರಿಷ್ಠ ತೂಕ ಶೇ 14ರಿಂದ 24ರಷ್ಟು ಇಳಿಯಬಹುದು ಅಂತ 2013ರಲ್ಲಿ ಒಂದು ಮುನ್ನಂದಾಜು ಬಂತು. ಕಿವಿರಿನ ಮೇಲ್ಮೈ ದೇಹದಷ್ಟು ವೇಗವಾಗಿ ಬೆಳೆಯಲಾರದು ಅನ್ನೋದು ಅದರ ಬುಡ. ನಮ್ಮ ಕ್ಷೇತ್ರದವರೇ ಕೆಲವರು 2017ರಲ್ಲಿ ಎದ್ದು, ಕಿವಿರು ಮಡಿಕೆ ಮಡಿಕೆಯಾದ ಹಾಳೆ, ಬೇಕಾದಷ್ಟು ಬೆಳೆಯಬಲ್ಲದು, ಆ ಬುಡವೇ ಸರಿಯಿಲ್ಲ ಅಂದರು. ಮೀನು ಕಿರಿದಾಗುವುದನ್ನು ಅನೇಕ ಕಡೆ ಕಂಡಿದ್ದಾರೆ, ಕಾರಣದ ಬಗ್ಗೆ ಮಾತ್ರ ಕಿತ್ತಾಟ.

ಬಯಾಲಜಿ ಟೀಚರ್

ಗಾತ್ರದ ಮಾತು ಬಂತಲ್ಲ. ದೊಡ್ಡ ಹೆಣ್ಣು ಮೀನು ಉಳಿಸಬೇಕು ಅಂತಾರಲ್ಲ, ಅದು ಇದಕ್ಕೇ ಸೇರುತ್ತಾ?

ಲೆಕ್ಕದವ

ಸೇರುತ್ತೆ, ನನಗೇ ಪೆಟ್ಟು ಕೊಟ್ಟ ವಿಷಯ. ನಾವು ಬಹುಕಾಲ "ಒಂದು ಟನ್ ತಾಯಿ ಮೀನು ಅಂದರೆ ಇಷ್ಟು ಮೊಟ್ಟೆ" ಅಂತ ತೂಕಕ್ಕೆ ಸರಿಯಾಗಿ ಹಿಡಿಯುತ್ತಿದ್ದೆವು. 2018ರಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಅಂಕಿ ಕೂಡಿಸಿ ನೋಡಿದರೆ ಬಹುತೇಕ ಕಡಲ ಮೀನುಗಳಲ್ಲಿ ಅದು ಸರಿಯಲ್ಲ. 30 ಕಿಲೋದ ಒಂದು ಅಟ್ಲಾಂಟಿಕ್ ಕಾಡ್ ಇಡುವ ಮೊಟ್ಟೆ, 2 ಕಿಲೋದ 28 ಕಾಡ್‌ಗಳು ಕೂಡಿ ಇಡುವುದಕ್ಕಿಂತ ಹೆಚ್ಚು. ದೊಡ್ಡ ಮೀನು ಬೆಳೆಯಲು ಅವಕಾಶ ಇರೋದು ಹಿಡಿಯದೆ ಬಿಟ್ಟ ಸಂರಕ್ಷಿತ ನೀರಿನಲ್ಲಿ. ಮೀಸಲು ಪ್ರದೇಶದ ಬೆಲೆ ಕಟ್ಟುವಾಗ ಮೀನಿನ ತೂಕ ಮಾತ್ರ ನೋಡಿದರೆ ಅದರ ಲಾಭವನ್ನು ಕಡಿಮೆ ಅಂದಾಜಿಸಿದ ಹಾಗೆ.

ನಿರ್ವಾಹಕ

ಅಕ್ವೇರಿಯಂ ಮೀನಿಗೆ ಕೊಡುವ ಆಹಾರದ ಪ್ರಶ್ನೆಗಳನ್ನು ಬೇರೆ ಎಳೆಗೆ ಸರಿಸಿದ್ದೇನೆ. ದಯವಿಟ್ಟು ಇಲ್ಲಿ ವಿಷಯಕ್ಕೆ ಅಂಟಿಕೊಳ್ಳಿ.

ಉಪ್ಪುನೀರು

ಆಮ್ಲಜನಕದ್ದು ಇನ್ನೊಂದು. 1960ರಿಂದೀಚೆಗೆ ಸಾಗರಗಳು ಶೇ 2ರಷ್ಟು ಆಮ್ಲಜನಕ ಕಳೆದುಕೊಂಡಿವೆ. ಮಾರ್ಲಿನ್, ಟ್ಯೂನಾ ಥರದ ವೇಗಿಗಳಿಗೆ ಲೀಟರಿಗೆ 3.5 ಮಿಲಿಲೀಟರ್ ಅಂದರೇ ಉಸಿರುಗಟ್ಟುವ ಅಂಚು. ಉಷ್ಣವಲಯದ ಅಟ್ಲಾಂಟಿಕ್, ಪೆಸಿಫಿಕ್‌ಗಳ ಪೂರ್ವ ಭಾಗದಲ್ಲಿ ಕಡಿಮೆ ಆಮ್ಲಜನಕದ ಪದರ ಮೇಲಕ್ಕೇ ಇದೆ, ಹಾಗಾಗಿ ಈ ಮೀನುಗಳೆಲ್ಲ ಮೇಲಿನ ತೆಳು ಪದರದಲ್ಲಿ ಒತ್ತೊತ್ತಾಗಿ ಸೇರುತ್ತವೆ. ಅಲ್ಲೇ ಬಲೆ, ಅಲ್ಲೇ ಗಾಳ. ಹಿಡಿತ ಚೆನ್ನಾಗಿ ಬರುತ್ತೆ. ಲೆಕ್ಕದವರೇ, ನಿಮಗೆ ಆಗ ಮೀನು ಹೆಚ್ಚಾಗಿದೆ ಅಂತ ಕಾಣೋದಿಲ್ಲವೇ?

ಲೆಕ್ಕದವ

ಕಾಣುತ್ತೆ. ಒಂದು ದಿನದ ದುಡಿಮೆಗೆ ಎಷ್ಟು ಸಿಕ್ಕಿತು ಅನ್ನೋದನ್ನೇ ಸಮೃದ್ಧಿಯ ಅಳತೆ ಅಂತ ಇಟ್ಟುಕೊಂಡರೆ, ಮೀನು ಇಕ್ಕಟ್ಟಿಗೆ ಸಿಕ್ಕಾಗ ಅಂಕಿ ಏರುತ್ತೆ. ಹಾಗಾಗಿ ಆ ಪದರದ ಆಳವನ್ನು ಅಂದಾಜಿನಲ್ಲಿ ಸೇರಿಸಬೇಕು. ಸೇರಿಸದೆ ಮಾಡಿದ ಕೋಟಾ ಎಂದರೆ ನಂಬಿಕೆ ಕಡಿಮೆ ನನಗೆ.

ತಾಂಡೇಲ

ಇಷ್ಟೆಲ್ಲ ಓದಿದೆ. ಶಾರ್ಕ್ ಬರದ ಹಾಗೇ ಮಾಡೋಕೆ ಏನಾದರೂ ಇದೆಯಾ? ಬಂದ ಮೇಲೆ ಬದುಕಿಸೋದಕ್ಕಿಂತ ಅದು ಸುಲಭ. ನಮಗೂ ಶಾರ್ಕ್ ಬೇಡ, ಗಾಳ ಹೋಗುತ್ತೆ, ಕೈ ಹೋಗುತ್ತೆ.

ಕಿವಿರುಗಾರ್ತಿ

ಇದೆ. ಶಾರ್ಕ್, ತೊರಕೆಗಳ ಮೂತಿಯಲ್ಲಿ ಲೋಳೆ ತುಂಬಿದ ಸಣ್ಣ ಸಣ್ಣ ರಂಧ್ರಗಳಿವೆ, ಲೊರೆಂಜಿನಿಯ ಕುಂಡಿಕೆ ಅಂತ ಅವಕ್ಕೆ ಹೆಸರು. ಮರಳಿನಡಿ ಅಡಗಿದ ಬೇಟೆಯ ಸ್ನಾಯು ಮಿಡಿಯುವ ವಿದ್ಯುತ್ತನ್ನೂ ಅವು ಹಿಡಿಯುತ್ತವೆ. ಟ್ಯೂನಾಗೆ ಈ ಇಂದ್ರಿಯ ಇಲ್ಲ. ಹಾಗಾದರೆ ಗಾಳದ ಪಕ್ಕದಲ್ಲಿ ಸಣ್ಣ ವಿದ್ಯುತ್ ಮಿಡಿತ ಇಟ್ಟರೆ? ಶಾರ್ಕಿಗೆ ಮಾತ್ರ ಕಿರಿಕಿರಿ. ಶಾರ್ಕ್‌ಗಾರ್ಡ್ ಅನ್ನುವ ಸಾಧನವನ್ನು ಮೆಡಿಟರೇನಿಯನ್‌ನ ಫ್ರೆಂಚ್ ಟ್ಯೂನಾ ಲಾಂಗ್‌ಲೈನ್‌ಗಳಲ್ಲಿ ಕಟ್ಟಿ ನೋಡಿ 2022ರಲ್ಲಿ ಪ್ರಕಟಿಸಿದರು: ನೀಲಿ ಶಾರ್ಕ್ ಸಿಗೋದು ಶೇ 91ರಷ್ಟು, ತೊರಕೆ ಶೇ 71ರಷ್ಟು ಕಡಿಮೆ.

ಲೆಕ್ಕದವ

ಆ ಪರೀಕ್ಷೆಯಲ್ಲಿ ಟ್ಯೂನಾ ಸಿಕ್ಕಿದ್ದೇ ಕಡಿಮೆ, ಹಾಗಾಗಿ ಟ್ಯೂನಾ ಹಿಡಿತಕ್ಕೆ ಪೆಟ್ಟು ಬೀಳುತ್ತಾ ಇಲ್ಲವಾ ಅಂತ ಗಟ್ಟಿಯಾಗಿ ಹೇಳೋಕೆ ಆಗಲ್ಲ. ಮೀನುಗಾರ ಮೊದಲು ಕೇಳೋದೇ ಅದನ್ನ.

ತಾಂಡೇಲ

ಅದನ್ನೂ ಕೇಳ್ತೀನಿ, ಬ್ಯಾಟರಿ ಯಾರು ಚಾರ್ಜ್ ಮಾಡ್ತಾರೆ ಅಂತಲೂ ಕೇಳ್ತೀನಿ. ಒಂದು ಲೈನಿಗೆ ಸಾವಿರಗಟ್ಟಲೆ ಗಾಳ ಇರುತ್ತೆ.

ಅನುಮಾನಪ್ಪ

ಸರಿ, ನನ್ನ ಲೆಕ್ಕ ಹೀಗಿದೆ. ರಾಕ್‌ಫಿಶ್, ಕೋಹೋ, ಫ್ರೇಸರ್: ನಿಯಮದಲ್ಲೋ ಪರವಾನಗಿಯಲ್ಲೋ ಕೋಟಾದಲ್ಲೋ ಏನೋ ಬದಲಾಗಿದೆ, ಒಪ್ಪಿದೆ. ಬಾಲ್ಟಿಕ್‌ನಲ್ಲಿ ಕಾರಣ ಗೊತ್ತಿದ್ದೂ ಮೀನು ಉಳಿಯಲಿಲ್ಲ. ಸುತ್ತಿಗೆ ತಲೆಯಲ್ಲಿ ಕಾರಣ ಗೊತ್ತು, ನಿಯಮ ಇನ್ನೂ "ಬಿಟ್ಟುಬಿಡಿ" ಅನ್ನುವಲ್ಲೇ ನಿಂತಿದೆ. ಗೆದ್ದ ಕಡೆಯಲ್ಲೆಲ್ಲ ಕೊನೆಗೆ ಕೈಗೆ ಸಿಕ್ಕಿದ್ದು ಒಂದು ಕೊಕ್ಕೆ, ಒಂದು ಪೆಟ್ಟಿಗೆ, ಒಂದು ಥರ್ಮಾಮೀಟರ್. ಹಾಗಾದರೆ ಸುತ್ತಿಗೆ ತಲೆಗೆ ಆ ಥರದ್ದು ಏನು?

ಕಿವಿರುಗಾರ್ತಿ

ಗಡಿಯಾರ. ಲೈನು ಎಷ್ಟು ಹೊತ್ತು ನೀರಲ್ಲಿತ್ತು ಅಂತ ಈಗಾಗಲೇ ಅನೇಕ ಕಡೆ ಲಾಗ್‌ಬುಕ್ಕಿನಲ್ಲಿ ಬರೀತಾರೆ. ಅದಕ್ಕೆ ಮಿತಿ ಹಾಕೋದು ತಾಂತ್ರಿಕವಾಗಿ ಕಷ್ಟವಲ್ಲ.

ತಾಂಡೇಲ

ತಾಂತ್ರಿಕವಾಗಿ ಕಷ್ಟವಿಲ್ಲ ಮೇಡಂ. ಆದರೆ ನಾಲ್ಕು ಗಂಟೆಗೊಮ್ಮೆ ಲೈನು ಎಳೆದರೆ ಡೀಸೆಲ್ ಎರಡು ಪಟ್ಟು, ನಿದ್ದೆ ಅರ್ಧ. ವರ್ಷವಿಡೀ ಅಂದರೆ ಯಾರೂ ಒಪ್ಪಲ್ಲ. ಅವು ಸೇರುವ ತಿಂಗಳು, ಜಾಗ ಇಷ್ಟೇ ಅಂತ ಗೆರೆ ಹಾಕಿಕೊಟ್ಟರೆ ಒಪ್ಪಿಸಬಹುದು. ಆ ಗೆರೆ ನಿಮ್ಮ ಹತ್ತಿರ ಇದೆಯಾ?

ಲೆಕ್ಕದವ

ವೀಕ್ಷಕರನ್ನು ಕೂರಿಸಿಕೊಂಡು ಹೋದ ಹಡಗುಗಳ ದಾಖಲೆಯಲ್ಲಿ ಗೆರೆ ಎಳೆಯುವಷ್ಟು ಮಾಹಿತಿ ಕೆಲವು ಕಡಲುಗಳಲ್ಲಿ ಇರುತ್ತೆ. ತಾಪ, ತಿಂಗಳು, ಆಳ ಮೂರನ್ನೂ ಹಾಕಿ ನೋಡಬೇಕು. ಕಿವಿರುಗಾರ್ತಿಯವರೇ, ತಾಪ ಹೆಚ್ಚಿದರೆ ಆ ಮೂರೂವರೆ ಗಂಟೆ ಎಷ್ಟು ಕುಗ್ಗುತ್ತೆ ಅನ್ನೋದರಿಂದ ಶುರು ಮಾಡೋಣವಾ?